ಸೇರಿನ ಬುಡದ ಗುರುತು

ನನ್ನ ಅಡ್ಡಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಶಿಕಾಗೋದಿಂದ ಡೆಟ್ರಾಯಿಟ್‌ವರೆಗಿನ ಕನ್ನಡದವರಿಗೆಲ್ಲ ನಾನು ಯಾರೆಂದು ತಿಳಿದುಹೋಗುತ್ತದೆ, ಆಮೇಲೆ ನಮ್ಮ ತಮ್ಮನಿಗೆ ಫೋನುಗಳು ಶುರುವಾಗುತ್ತವೆ, ಅವನು ನನ್ನ ಮೇಲೆ ಮುನಿಸಿಕೊಳ್ಳುತ್ತಾನೆ. ಅದಕ್ಕೇ ಅರ್ಥವನ್ನಷ್ಟೇ ಹೇಳುತ್ತೇನೆ: ಕಾಳು ಅಳೆಯುವವರು. ಗದಗಿನ ಕಡೆಯ ಒಂದು ಸಂತೆಯ ಊರಿನಲ್ಲಿ, ಜೋಳ ಮಾರುವವನಿಗೂ ಕೊಳ್ಳುವವನಿಗೂ ನಡುವೆ ಸೇರು ಹಿಡಿದು ಕೂರುತ್ತಿದ್ದವರು ನಮ್ಮ ಹಿರಿಯರು. ನಮ್ಮ ಕಡೆ ಮನೆಯವರು ಮಾಡುತ್ತಿದ್ದ ಕೆಲಸವೇ ಹೆಸರಿನ ಹಿಂದೆ ಬಂದು ಕೂತುಬಿಡುತ್ತದೆ. ಕೆಲಸ ಹೋದರೂ ಹೆಸರು ಹೋಗುವುದಿಲ್ಲ.

ಮೈಸೂರು ಕಡೆಯ ಗೆಳತಿಯರು ಇದಕ್ಕೆ ನಗುತ್ತಾರೆ. "ನಿಮ್ ಕಡೆಯವರ ಸರ್‌ನೇಮ್ ಕೇಳಿದ್ರೆ ದಿನಸಿ ಅಂಗಡಿ ಚೀಟಿ ಓದಿದ ಹಾಗಿರುತ್ತೆ ಕಣ್ರೀ" ಎಂದು ಒಬ್ಬಾಕೆ ಪಾಟ್‌ಲಕ್ ಊಟವೊಂದರಲ್ಲಿ ಎಲ್ಲರೆದುರಿಗೆ ಹೇಳಿದಳು. ನಾನು ಸುಮ್ಮನಿರುವವಳಲ್ಲ. "ನಿಮಗೆ ಅಪ್ಪನ ಹೆಸರಿನ ಒಂದಕ್ಷರ ಬಿಟ್ಟರೆ ಅದೂ ಇಲ್ಲವಲ್ಲಾ" ಎಂದೆ. ಅವಳು ಇನ್ನೂ ನನ್ನ ಗೆಳತಿಯೇ, ಆದರೆ ಆ ಮಾತನ್ನು ಮತ್ತೆ ಎತ್ತಿಲ್ಲ.

ನನಗೆ ಈ ಹೆಸರಿನ ಮೇಲೆ ಹೆಮ್ಮೆ. ಮುಚ್ಚುಮರೆಯಿಲ್ಲದ ಹೆಮ್ಮೆ. ಮದುವೆಯಾದ ಮೇಲೂ ಬಿಡಲಿಲ್ಲ. ಡೆಟ್ರಾಯಿಟ್ ಪಕ್ಕದ ವಾರೆನ್‌ನಲ್ಲಿ, ಕಾರು ಕಂಪನಿಯ ಟೆಕ್ನಿಕಲ್ ಸೆಂಟರಿನಲ್ಲಿ, ನನ್ನ ಲ್ಯಾಬ್ ಕೋಟಿನ ಮೇಲೆ ಅದನ್ನೇ ಹೊಲಿಸಿಕೊಂಡಿದ್ದೇನೆ. ಸೇರು ತುಂಬುವುದು ಯಾರಿಗಾದರೂ ಬರುತ್ತದೆ. ಒತ್ತದೆ, ಅಲುಗಿಸದೆ, ಒಂದೇ ಸಮನೆ ತುಂಬಿ, ಮೇಲೆ ನಿಂತ ಕಾಳನ್ನು ಅಂಗೈಯಲ್ಲಿ ಸವರಿ ಮಟ್ಟ ಮಾಡುವುದು ಎಲ್ಲರಿಗೂ ಬರುವುದಿಲ್ಲ. ಕೈ ಕೊಂಚ ಒತ್ತಿದರೆ ಮಾರುವವನಿಗೆ ನಷ್ಟ, ಕೊಂಚ ಹಗುರಾದರೆ ಕೊಳ್ಳುವವನಿಗೆ. ಇಬ್ಬರೂ ಒಪ್ಪುವ ಕೈ ಊರಿಗೊಂದು ಇರುತ್ತಿತ್ತು, ನಮ್ಮೂರಿನಲ್ಲಿ ಅದು ನಮ್ಮ ಮನೆಯದು. ಚೀಲಕ್ಕೊಂದು ಬೊಗಸೆ ಕಾಳು ಅವರ ಕೂಲಿ. ಕಿಲೋ ಬಂದ ಮೇಲೆ ಸೇರು ಮೂಲೆ ಸೇರಿತು, ಅಪ್ಪ ಮೇಷ್ಟರಾದರು, ಚಿಕ್ಕಪ್ಪ ಕಚೇರಿಯ ಗುಮಾಸ್ತರಾದರು.

ಆ ಚಿಕ್ಕಪ್ಪನ ಮಗನೇ ನಾನು ತಮ್ಮ ಎನ್ನುವವನು, ನನಗಿಂತ ಎಂಟು ವರ್ಷ ಚಿಕ್ಕವನು. ಶಿಕಾಗೋ ಹತ್ತಿರದ ಲಿಸ್ಲ್‌ನಲ್ಲಿ, ಹೈವೇ ಪಕ್ಕದ ಗಾಜಿನ ಕಟ್ಟಡವೊಂದರಲ್ಲಿ ಕೆಲಸ. ಒಳ್ಳೆಯವನು, ಆದರೆ ಏನನ್ನೇ ಮಾಡಿದರೂ ಬ್ಯಾನರ್ ಕಟ್ಟಿಯೇ ಮಾಡಬೇಕು. ಕಳೆದ ವರ್ಷ ಮಾರ್ಚಿನಲ್ಲಿ, ಇಲ್ಲಿ ಇನ್ನೂ ನೀರು ಹೆಪ್ಪುಗಟ್ಟುವ ಚಳಿ ಇರುವಾಗಲೇ, ಅವನಿಗೆ ಬೇಸಿಗೆಯ ಪಿಕ್‌ನಿಕ್ ಹೊಳೆಯಿತು. ನಮ್ಮ ಅಡ್ಡಹೆಸರಿನವರು, ಅವರ ಗಂಡ ಹೆಂಡಿರು, ಮಕ್ಕಳು, ಎಲ್ಲರೂ ಸೇರಿದರೆ ಈ ಭಾಗದಲ್ಲೇ ನಲವತ್ತು ಮಂದಿ ಆಗುತ್ತಾರೆಂದು ಲೆಕ್ಕ ಹಾಕಿ ಫೋನು ಮಾಡಿದ.

"ಅಕ್ಕಾ, ಒಂದ ಸುದ್ದಿ ಐತಿ. ನಮ್ಮ ಫ್ಯಾಮಿಲಿ ಕೋಟ್ ಆಫ್ ಆರ್ಮ್ಸ್ ಸಿಕ್ತು!"

"ಎಲ್ಲಿ ಸಿಕ್ತೋ?"

"ವೆಬ್‌ಸೈಟ್ ಐತಿ. ಸರ್‌ನೇಮ್ ಟೈಪ್ ಮಾಡಿದ್ರ ಆತು. ನಮ್ಮವರು ಕೋಟಿ ಬಾಗಲಾ ಕಾಯೂ ಕಮಾಂಡರ್ಸ್ ಅಂತ ಬರದಾರ."

ಯುರೋಪಿನ ರಾಜವಂಶಗಳಿಗೆ ಇರುವಂಥ ಲಾಂಛನದ ಚಿತ್ರ ಕಳಿಸಿದ. ಕೆಂಪು ಗುರಾಣಿ, ಅದರ ಮೇಲೆ ಎರಡು ಕಾಲಿನಲ್ಲಿ ನಿಂತ ಸಿಂಹ, ಸಿಂಹದ ಕೈಯಲ್ಲಿ ಕತ್ತಿ, ಇಂಡಿಯಾದವರು ಎಂಬುದು ತಪ್ಪಿಹೋಗಬಾರದೆಂದು ಕೆಳಗೆ ಒಂದು ಕಮಲ, ಕಮಲದ ಕೆಳಗೆ ಲ್ಯಾಟಿನ್ನಿನಲ್ಲಿ ಒಂದು ಸಾಲು. ಗದಗಿನ ಕಡೆಯ ಸಂತೆಯಲ್ಲಿ ಕುಸುಬೆ ಅಳೆಯುತ್ತಿದ್ದವರ ಹೆಸರಿನಲ್ಲಿ ಲ್ಯಾಟಿನ್ನು. ನನಗೆ ಮೈಯೆಲ್ಲ ಉರಿಯಿತು. "ನಮ್ಮಜ್ಜ ಉಳ್ಳಾಗಡ್ಡಿ ಹೆಚ್ಚಾಕೂ ಕೈಯಾಗ ಕತ್ತಿ ಹಿಡದಾವಲ್ಲ, ಅದಕ್ಕ ಈಳಿಗಿ ಇತ್ತು" ಎಂದೆ. ಅವನು ನಕ್ಕ, ಆದರೆ ಆರ್ಡರ್ ಕೊಟ್ಟಾಗಿತ್ತು. ಆರಡಿಯ ಬ್ಯಾನರು, ನಲವತ್ತು ಟೀ ಶರ್ಟು, ಫ್ರಿಜ್ಜಿಗೆ ಅಂಟಿಸುವ ಬಿಲ್ಲೆ ಬೇರೆ.

ಅದರ ಜೊತೆಗೆ ವಂಶವೃಕ್ಷದ ಚಾರ್ಟು. ನನ್ನ ಅಪ್ಪ ಹಿಂದೆ ತಮ್ಮ ಕೈಯಾರೆ ಬರೆದಿಟ್ಟ ಒಂದು ಹಾಳೆ ಇತ್ತು, ಗಂಡಸರ ಹೆಸರುಗಳು ಒಂದರ ಕೆಳಗೊಂದು. "ನಾವು ನಾಲ್ಕು ತಲೆಮಾರು ಅಳೆದವರು" ಎಂದು ಅಪ್ಪ ಹೇಳುತ್ತಿದ್ದದ್ದು ಆ ಹಾಳೆಯ ಮೇಲಿನ ಸಾಲು. ತಮ್ಮ ಅದನ್ನು ಈ ಕಾಲಕ್ಕೆ ತಕ್ಕಂತೆ ತಿದ್ದಿದ್ದ. "ರೂಲ್ ಸಿಂಪಲ್ ಅಕ್ಕಾ. ಯಾರಿಗೆ ಅಡ್ಡಹೆಸರ ಐತಿ, ಅವರು ಚಾರ್ಟಿನಾಗ. ಗಂಡಸರು ಹೆಂಗಸರು ಅಂತ ಭೇದ ಇಲ್ಲ. ನೀ ಇದ್ದಿ ನೋಡು." ನಾನು ಇದ್ದೆ, ಅಪ್ಪನ ಹೆಸರಿನ ಕೆಳಗೆ, ದಪ್ಪ ಅಕ್ಷರದಲ್ಲಿ. ನಿಜ ಹೇಳಬೇಕೆಂದರೆ ಅದನ್ನು ನೋಡಿ ನನ್ನ ಉರಿ ಅರ್ಧ ಆರಿಹೋಯಿತು. ಯಾರಿಲ್ಲ ಎಂದು ಹುಡುಕುವ ಗೋಜಿಗೇ ಹೋಗಲಿಲ್ಲ.

ಇಲ್ಲದವರೇ ಫೋನು ಮಾಡಿದರು. ಅಪ್ಪನ ಅಕ್ಕ, ನನ್ನ ಸೋದರತ್ತೆ. ಎಂಬತ್ತೈದು ವರ್ಷ, ಶಿಕಾಗೋ ವಿಮಾನ ನಿಲ್ದಾಣದ ಪಕ್ಕದ ಡೆಸ್ ಪ್ಲೇನ್ಸ್‌ನಲ್ಲಿ ಮಗನ ಮನೆಯಲ್ಲಿದ್ದಾರೆ. ಆ ಮನೆಯ ಅಡುಗೆಮನೆ ಅವರದೇ. ತಲೆಯ ಮೇಲೆ ಎರಡು ನಿಮಿಷಕ್ಕೊಂದು ವಿಮಾನ ಇಳಿಯುತ್ತಿದ್ದರೂ ಅವರು ಸೊಪ್ಪು ಸೋಸುತ್ತ, ಮಾತನಾಡುತ್ತ, ವಿಮಾನ ಹೋಗುವವರೆಗೆ ಮಾತು ನಿಲ್ಲಿಸಿ, ಬಿಟ್ಟಲ್ಲಿಂದಲೇ ಹಿಡಿಯುತ್ತಾರೆ. ಅಕ್ಕಿ ಅಳೆಯುವುದು ಮಾತ್ರ ತವರಿನಿಂದ ಬಂದ ಹಿತ್ತಾಳೆಯ ಸೇರಿನಲ್ಲಿ. ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಲಾಭ, ಎರಡು, ಮೂರು. ಅಳೆಯುವವರು ಹಾಗೆಯೇ ಎಣಿಸುವುದು.

"ಯವ್ವಾ, ಚಾರ್ಟ ಮಾಡ್ಯಾನಂತಲ್ಲ ನಿನ್ನ ತಮ್ಮ. ನನ್ನ ಹೆಸರ ಐತೇನ ಅದ್ರಾಗ?"

ಏನು ಹೇಳಲಿ? ಅತ್ತೆಗೆ ಹದಿನೇಳಕ್ಕೆ ಮದುವೆಯಾಯಿತು, ಅಡ್ಡಹೆಸರು ಬದಲಾಯಿತು, ತಮ್ಮನ ರೂಲಿನ ಪ್ರಕಾರ ಅವರು ಹೊರಗೆ.

"ಇಲ್ಲಲ್ಲ? ಇರಲಿ. ಆದ್ರ ನಾಲ್ಕ ತಲಿ ಅಂತ ಬರದಾನಂತ. ಅದು ಸುಳ್ಳ ಐತಿ. ಐದ."

ಆಗ ಹೇಳಿದರು. ಅವರಿಗೆ ಹದಿಮೂರು ವರ್ಷವಾದಾಗ, ಸುಗ್ಗಿಯ ಮುಂಚೆ, ಅಜ್ಜ ಚಕ್ಕಡಿಯಿಂದ ಬಿದ್ದು ಬಲಗೈ ಮುರಿದುಕೊಂಡರು. ಅಪ್ಪ ಆಗ ಬಳಪ ಹಿಡಿಯುವ ವಯಸ್ಸಿನವರು, ಚಿಕ್ಕಪ್ಪ ಇನ್ನೂ ತೊಟ್ಟಿಲಲ್ಲಿ. ಆ ಸುಗ್ಗಿಯಿಡೀ ಸಂತೆಯಲ್ಲಿ ಸೇರು ಹಿಡಿದವರು ಅತ್ತೆ. ಅಜ್ಜ ಕೈಗೆ ಪಟ್ಟಿ ಕಟ್ಟಿಕೊಂಡು ಪಕ್ಕದಲ್ಲಿ ಕೂತಿರುತ್ತಿದ್ದರಂತೆ. ಮೊದಲ ವಾರ ಮಂದಿ ನಕ್ಕರು, ಎರಡನೆಯ ವಾರ ಒಬ್ಬ ವ್ಯಾಪಾರಿ ಅವರು ಅಳೆದ ಚೀಲವನ್ನು ಬೇರೆಯವರಿಂದ ಮತ್ತೆ ಅಳೆಸಿದ, ಅಷ್ಟೇ ಬಂತು. ಮೂರನೆಯ ವಾರದಿಂದ ಯಾರೂ ತಕರಾರು ತೆಗೆಯಲಿಲ್ಲ.

"ಸೇರಿನ ಬುಡದಾಗ ನಮ್ಮ ಮನಿ ಗುರುತ ಐತಿ. ಕಾಳಿನ ರಾಶಿ ಹಂಗ ಒಂದ ಗೆರಿ, ಕೆಳಗ ಚುಕ್ಕಿ. ಸೇರ ಹಿಡದವರಿಗೆ ಒಂದೊಂದ ಚುಕ್ಕಿ. ನಾಲ್ಕ ಇದ್ದೂವು. ಸುಗ್ಗಿ ಮುಗದ ಮ್ಯಾಲೆ ನಮ್ಮಪ್ಪ ಉಳಿ ತಗೊಂಡ ಐದನೇದ್ದ ಹೊಡದ. ನನ್ನ ಲಗ್ನದಾಗ ಸೇರ ನನಗ ಕೊಟ್ಟ. ಹೋಗಿ ನೋಡಂತ ಹೇಳ ನಿನ್ನ ತಮ್ಮಗ."

ಫೋನಿಟ್ಟ ಮೇಲೆ ನನಗೆ ನಾಚಿಕೆಯಾಯಿತು. ಆ ಸೇರಿನಿಂದ ಎಷ್ಟು ಸಲ ಅಕ್ಕಿ ಅಳೆದಿದ್ದೇನೋ, ಒಮ್ಮೆಯೂ ಬುಡ ತಿರುವಿ ನೋಡಿರಲಿಲ್ಲ. ನನ್ನ ಕೆಲಸವೇ ಮುರಿದ ಲೋಹದ ತುಂಡುಗಳನ್ನು ತಿರುವಿ ತಿರುವಿ ನೋಡುವುದು. ಯಾವ ಭಾಗ ಯಾಕೆ ಮುರಿಯಿತು, ತಪ್ಪು ಯಾರದು ಎಂದು ಹೇಳುವುದಕ್ಕೇ ಕಂಪನಿ ನನ್ನನ್ನು ಇಟ್ಟುಕೊಂಡಿರುವುದು. ಕಾರಿನ ಪ್ರತಿ ಬಿಡಿಭಾಗದ ಮೇಲೂ ಮಾಡಿದವರ ಗುರುತು ಇರುತ್ತದೆಂದು ಹೊಸ ಹುಡುಗರಿಗೆ ಪಾಠ ಮಾಡುವವಳು ನಾನು.

ತಮ್ಮನಿಗೆ ಹೇಳಿದೆ. "ಅತ್ತಿ ವಯಸ್ಸ ಎಂಬತ್ತೈದ ಅಕ್ಕಾ. ಹದಿಮೂರ ವರ್ಷದ ಹುಡುಗಿ, ಆ ಕಾಲದಾಗ, ಸಂತ್ಯಾಗ ಅಳಿಯೂದಂದ್ರ? ದೊಡ್ಡಪ್ಪ ಒಮ್ಮೆನೂ ಹೇಳಲಿಲ್ಲಲ್ಲ" ಎಂದ. ನಾನು ಬಿಡಲಿಲ್ಲ, ಸೇರಿನ ಬುಡ ನೋಡು ಎಂದೆ. ಅವನಿಗೂ ಆಸೆ ಹುಟ್ಟಿತು. "ಪ್ರೂಫ್ ಇದ್ರ ಸೇರಿಸೋಣಂತ. ಹೆಂಗೂ ಸೇರನ್ನ ಪಿಕ್‌ನಿಕ್‌ನಾಗ ಡಿಸ್‌ಪ್ಲೇ ಇಡೋಣು" ಎಂದು ಡೆಸ್ ಪ್ಲೇನ್ಸ್‌ಗೆ ಡ್ರೈವ್ ಮಾಡಿ, ಅತ್ತೆಯಿಂದ ಸೇರು ತಂದ.

ಜುಲೈನಲ್ಲಿ ಒಂದು ಶನಿವಾರ ನಾನು ವಾರೆನ್ ಕಡೆಯಿಂದ ಮುನ್ನೂರು ಮೈಲಿ ಓಡಿಸಿಕೊಂಡು ಲಿಸ್ಲ್‌ಗೆ ಹೋದೆ. ಅತ್ತೆಯನ್ನೂ ಅವರ ಮಗ ಕರೆತಂದಿದ್ದರು. ಊಟವಾದ ಮೇಲೆ ತಮ್ಮ ಒಳಗಿನಿಂದ ಒಂದು ಡಬ್ಬಿ ತಂದು ಅತ್ತೆಯ ಮುಂದಿಟ್ಟು "ತಗೀರಿ ಅತ್ತಿ, ಸರ್‌ಪ್ರೈಸ್" ಎಂದ. ಒಳಗೆ ಸೇರು. ಕನ್ನಡಿ ಹಾಗೆ ಹೊಳೆಯುತ್ತಿತ್ತು. ಮೆಟಲ್ ಪಾಲಿಶ್ ಮಾಡುವವನ ಹತ್ತಿರ ಕೊಟ್ಟು ಒಳಗೂ ಹೊರಗೂ ಬುಡವನ್ನೂ ಉಜ್ಜಿಸಿದ್ದ. ಮೊದಲು ಮರಳುಕಾಗದ, ಆಮೇಲೆ ಚಕ್ರ.

ನಾನು ಕೈಗೆ ತೆಗೆದುಕೊಂಡು ತಿರುವಿದೆ. ಬುಡದಲ್ಲಿ ನನ್ನ ಮುಖ ಕಂಡಿತು, ಬೇರೇನೂ ಇರಲಿಲ್ಲ.

"ಉಜ್ಜಿಸೂಕಿಂತ ಮೊದಲ ಬುಡಾ ನೋಡಿದ್ಯೋ ಇಲ್ಲೋ?" ಎಂದೆ.

ತಮ್ಮ ಬಗ್ಗಿ ಸೇರಿನ ಬುಡ ನೋಡಿದ. "ಕರ್ರಗಾಗಿತ್ತ ಅಕ್ಕಾ, ಏನೂ ಕಾಣ್ತಿರಲಿಲ್ಲ. ಕ್ಲೀನ್ ಆದ ಮ್ಯಾಲೆ ಕಾಣ್ತದ ಅಂತ..."

ಅವನನ್ನು ಬಯ್ಯಬೇಕೆಂದು ಬಾಯಿ ತೆರೆದಿದ್ದೆ. ಅತ್ತೆ ನನ್ನ ಕೈಯಿಂದ ಸೇರು ತೆಗೆದುಕೊಂಡರು. ಬುಡದ ಮೇಲೆ ಹೆಬ್ಬೆರಳಿಟ್ಟು ನಿಧಾನವಾಗಿ ಒಂದು ಸುತ್ತು ಸವರಿದರು, ಮತ್ತೊಂದು ಸುತ್ತು ಸವರಿದರು. ಎಲ್ಲಿ ಏನಿತ್ತೆಂದು ಆ ಬೆರಳಿಗೆ ಗೊತ್ತಿತ್ತು. "ಛಲೋ ಹೊಳೀತೈತಿ" ಎಂದು ಹೇಳಿ ಸೇರನ್ನು ಮೇಜಿನ ಮೇಲಿಟ್ಟು ಎದ್ದು, ಮುಸುರೆ ತೊಳೆಯಲು ಸಿಂಕಿನ ಹತ್ತಿರ ಹೋಗಿ ನಿಂತರು. ಡಿಶ್‌ವಾಷರ್ ಇದೆ ಎಂದು ಯಾರೂ ನೆನಪಿಸಲಿಲ್ಲ. ಎಪ್ಪತ್ತು ವರ್ಷ ಅವರು ತವರಿನವರು ಎಂಬುದಕ್ಕೆ ಅವರ ಕೈಯಲ್ಲಿದ್ದ ಒಂದೇ ಒಂದು ಸಾಕ್ಷಿ ಅದು, ನಾವಿಬ್ಬರು ಓದಿದವರು ಸೇರಿ ಅದನ್ನು ಅಳಿಸಿಹಾಕಿದ್ದೆವು.

ಬೆಳಿಗ್ಗೆ ಹೊರಡುವಾಗ, ಅತ್ತೆ ಮೇಜಿನ ಮೇಲೆಯೇ ಬಿಟ್ಟುಹೋಗಿದ್ದ ಸೇರನ್ನು ಕಾರಿನಲ್ಲಿ ಪಕ್ಕದ ಸೀಟಿನ ಮೇಲಿಟ್ಟು ಬೆಲ್ಟ್ ಹಾಕಿದೆ. ಮಿಶಿಗನ್ ಗಡಿ ದಾಟುವವರೆಗೂ ತಮ್ಮನನ್ನು ಮನಸ್ಸಿನಲ್ಲೇ ಬಯ್ದೆ. ಬಯ್ದು ಸಾಕಾದ ಮೇಲೆ ತಲೆ ಕೆಲಸ ಮಾಡತೊಡಗಿತು.

ಉಳಿಯಿಂದ ಲೋಹದ ಮೇಲೆ ಹೊಡೆದರೆ ಮೇಲೆ ತಗ್ಗು ಬೀಳುತ್ತದೆ, ಅಷ್ಟೇ ಅಲ್ಲ, ತಗ್ಗಿನ ಕೆಳಗೆ ಇನ್ನಷ್ಟು ಆಳದವರೆಗೆ ಲೋಹ ಅದುಮಿಕೊಂಡು ಬಿಗಿಯಾಗಿರುತ್ತದೆ. ತಗ್ಗನ್ನು ಉಜ್ಜಿ ತೆಗೆಯಬಹುದು, ಆದರೆ ಆ ಬಿಗಿ ಒಳಗೇ ಉಳಿದಿರುತ್ತದೆ. ತಕ್ಕ ದ್ರಾವಣ ಹಚ್ಚಿದರೆ ಅದುಮಿದ ಜಾಗವನ್ನು ಅದು ಬೇರೆ ರೀತಿ ತಿನ್ನುತ್ತದೆ, ಅಳಿಸಿದ ಗುರುತು ನೆರಳಿನಂತೆ ಮೇಲೆ ಬರುತ್ತದೆ. ಕದ್ದ ಗಾಡಿಗಳ ನಂಬರನ್ನು ಹೀಗೆಯೇ ಹುಡುಕುತ್ತಾರೆ. ನಾನು ಕಬ್ಬಿಣಕ್ಕೆ ಎಷ್ಟೋ ಸಲ ಮಾಡಿದ್ದೆ, ಹಿತ್ತಾಳೆಗೆ ಮಾಡಿರಲಿಲ್ಲ. ಉಜ್ಜಿದವನು ಎಷ್ಟು ಆಳ ಉಜ್ಜಿದ್ದಾನೋ ಗೊತ್ತಿರಲಿಲ್ಲ. ಒಂದು ಸಲ ತಪ್ಪಿದರೆ ಮತ್ತೊಂದು ಅವಕಾಶವೂ ಇರಲಿಲ್ಲ.

ಮುಂದಿನ ಶನಿವಾರ ಬೆಳಿಗ್ಗೆ ಗರಾಜಿನ ಬಾಗಿಲು ಪೂರ್ತಿ ತೆರೆದು ಕೂತೆ. ಕಾಲೇಜಿನಿಂದ ರಜೆಗೆ ಬಂದಿದ್ದ ಮಗಳು ಕೈಗವಸು ಹಾಕಿಕೊಂಡು ದೀಪ ಹಿಡಿದಳು. ಎಲೆಕ್ಟ್ರಾನಿಕ್ಸ್ ಹವ್ಯಾಸದವರು ಸರ್ಕ್ಯೂಟ್ ಬೋರ್ಡಿಗೆ ಬಳಸುವ ಕಂದು ದ್ರಾವಣವನ್ನು ನೀರು ಬೆರೆಸಿ ತಿಳಿ ಮಾಡಿಕೊಂಡೆ. ಹತ್ತಿಯಲ್ಲಿ ಅದ್ದಿ, ಬುಡದ ಮೇಲೆ ಮೆಲ್ಲಗೆ ಆಡಿಸುವುದು, ಒರೆಸುವುದು, ದೀಪವನ್ನು ಪಕ್ಕದಿಂದ ಓರೆಯಾಗಿ ಹಿಡಿದು ನೋಡುವುದು. ಕಾಲು ಗಂಟೆಯಾದರೂ ಹಿತ್ತಾಳೆಯ ಹೊಳಪು ಮಂಕಾಯಿತೇ ಹೊರತು ಬೇರೇನೂ ಕಾಣಲಿಲ್ಲ. ಎದುರು ಮನೆಯಾತ ಹುಲ್ಲು ಕತ್ತರಿಸುವುದನ್ನು ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದ.

ಆಮೇಲೆ ಗೆರೆ ಬಂತು. ಕಾಳಿನ ರಾಶಿಯ ಬೆನ್ನಿನಂಥ ಒಂದು ಬಾಗು ಗೆರೆ, ತೀರ ಮಸುಕಾಗಿ. ಮಗಳು "ಓ ಮೈ ಗಾಡ್, ಅಮ್ಮಾ" ಎಂದಳು. ಗೆರೆಯ ಕೆಳಗೆ ಒಂದು ಚುಕ್ಕಿ, ಇನ್ನೊಂದು. ಮೂರನೆಯದು. ನಾಲ್ಕನೆಯದು. ಒಂದೇ ಸಾಲಿನಲ್ಲಿ, ಸಮ ಅಂತರದಲ್ಲಿ, ಅಳೆಯುವವರು ಹೊಡೆದ ಚುಕ್ಕಿಗಳು ಹೇಗಿರಬೇಕೋ ಹಾಗೆ. ನನ್ನ ಅಜ್ಜ, ಅವರ ಅಪ್ಪ, ಅಜ್ಜ, ಮುತ್ತಜ್ಜ. ಈ ಮನೆತನಕ್ಕೆ ಸಿಂಹ ಯಾತಕ್ಕೆ ಬೇಕಿತ್ತು?

ಐದನೆಯದು ಬರಲಿಲ್ಲ.

ಸಾಲಿನಲ್ಲಿ ಅದು ಇರಬೇಕಾದ ಜಾಗಕ್ಕೆ ಮತ್ತೆ ಮತ್ತೆ ಹಚ್ಚಿದೆ. ಅರ್ಧ ಗಂಟೆ. ಅಲ್ಲಿ ಬರೀ ಹಿತ್ತಾಳೆ. ನಾಲ್ಕು ಚುಕ್ಕಿ ಇಷ್ಟು ಚೊಕ್ಕವಾಗಿ ಬಂದಿರುವಾಗ ಐದನೆಯದೊಂದೇ ಯಾಕೆ ಬರುವುದಿಲ್ಲ? ಲ್ಯಾಬಿನಲ್ಲಾಗಿದ್ದರೆ "ಗುರುತು ಇರಲಿಲ್ಲ" ಎಂದು ವರದಿ ಬರೆದು ಸಹಿ ಹಾಕುತ್ತಿದ್ದೆ. ವಯಸ್ಸಾದವರು, ನೆನಪಿನಲ್ಲಿ ಒಂದಿಷ್ಟು ಸೇರಿಸಿಕೊಂಡಿರಬಹುದು ಎಂಬ ಯೋಚನೆ ನನಗೂ ಬಂತು. ಬಂದದ್ದನ್ನು ಬಂತೆಂದೇ ಒಪ್ಪಿಕೊಳ್ಳುತ್ತೇನೆ. ಹತ್ತಿ ಕೆಳಗಿಟ್ಟೆ.

"ವೈ ಡಿಡ್ ಹಿ ಗಿವ್ ಹರ್ ದ ಡಾಟ್? ಹಿ ವಾಸ್ ಹರ್ಟ್, ರೈಟ್?" ಎಂದು ಮಗಳು ಕೇಳಿದಳು. ಅವಳು ನನ್ನೊಡನೆ ಕನ್ನಡದಲ್ಲಿ ಮಾತನಾಡುವುದು ಅಪರೂಪ, ಆದರೆ ಕತೆಗಳನ್ನು ಮಾತ್ರ ಮರೆಯುವುದಿಲ್ಲ.

"ಹೌದು, ಬಲಗೈ ಮುರಿದಿತ್ತು."

"ದೆನ್ ವಿಚ್ ಹ್ಯಾಂಡ್ ಡಿಡ್ ಹಿ ಯೂಸ್?"

ನಾನು ಮಗಳ ಮುಖ ನೋಡಿದೆ. ಬೇಗ ಬೇಗ ಹತ್ತಿ ಎತ್ತಿಕೊಂಡೆ. ಸುಗ್ಗಿ ಮುಗಿದಾಗಲೂ ಆ ಕೈ ನೆಟ್ಟಗಾಗಿರಲಿಕ್ಕಿಲ್ಲ. ಎಡಗೈಯವನಲ್ಲದವನು ಎಡಗೈಯಲ್ಲಿ ಸುತ್ತಿಗೆ ಹಿಡಿದರೆ ಏಟು ಸಾಲಿನಲ್ಲಿ ಬೀಳುವುದಿಲ್ಲ, ಗಟ್ಟಿಯಾಗಿಯೂ ಬೀಳುವುದಿಲ್ಲ. ನಾನು ಅಚ್ಚುಕಟ್ಟಾದ ಜಾಗದಲ್ಲಷ್ಟೇ ಹುಡುಕಿದ್ದೆ. ಬುಡಕ್ಕೆಲ್ಲ ಹಚ್ಚಿದೆ, ಒರೆಸಿದೆ, ಹಚ್ಚಿದೆ. ಸಾಲಿನಿಂದ ಕೆಳಗೆ, ಅರ್ಧ ಇಂಚು ಆಚೆ, ಅಂಚಿಗೆ ಹತ್ತಿರವಾಗಿ ಅದು ಎದ್ದಿತು. ಚುಕ್ಕಿಯೆನ್ನುವಂತಿರಲಿಲ್ಲ. ಮೊದಲ ಏಟು ಜಾರಿ ಒಂದು ಸಣ್ಣ ಗೀರು, ಅದರ ತುದಿಯಲ್ಲಿ ಎರಡನೆಯ ಏಟು, ಓರೆಯಾಗಿ, ತೆಳ್ಳಗೆ. ನೋವಿದ್ದ ಮನುಷ್ಯ, ಬಾರದ ಕೈಯಲ್ಲಿ, ಬಿಡದೆ ಎರಡು ಸಲ ಹೊಡೆದದ್ದು.

ನಾನು ಗರಾಜಿನ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಮಗಳು ಫೋಟೋ ತೆಗೆದಳು, ನನ್ನದಲ್ಲ, ಸೇರಿನದು. ಒಟ್ಟು ಮೂವತ್ತು ಫೋಟೋ.

ತಮ್ಮನಿಗೆ ಎಲ್ಲವನ್ನೂ ಕಳಿಸಿದೆ. ಆಮೇಲೆ ಫೋನು ಮಾಡಿ, "ಅಕ್ಕಾ, ನಾ ಎಂಥಾ ಮಬ್ಬ ಅದೇನಿ" ಎಂದ. ನಾನು ಅಲ್ಲ ಎನ್ನಲಿಲ್ಲ. ಅತ್ತೆಗೆ ಹೇಳಬೇಡ, ಪಿಕ್‌ನಿಕ್ ದಿನ ನಾನೇ ಅವರ ಕೈಗೆ ಕೊಡುತ್ತೇನೆ ಎಂದೆ.

ಆಗಸ್ಟಿನಲ್ಲಿ, ಲಿಸ್ಲ್ ಹತ್ತಿರದ ಕಾಡಿನಂಥ ಪಾರ್ಕೊಂದರಲ್ಲಿ, ಬಾಡಿಗೆಗೆ ಸಿಗುವ ಚಪ್ಪರದ ಕೆಳಗೆ ನಲವತ್ತು ಮಂದಿ ಸೇರಿದೆವು. ಸಿಂಹದ ಬ್ಯಾನರನ್ನು ತಮ್ಮ ಕಟ್ಟಿರಲಿಲ್ಲ. ಬಿಸಾಡಲು ಮನಸ್ಸಾಗದೆ ಊಟದ ಮೇಜಿಗೆ ಹಾಸಿದ್ದ. ಸಿಂಹದ ಹೊಟ್ಟೆಯ ಮೇಲೆ ಬದನೆಕಾಯಿ ಪಲ್ಯ, ಕತ್ತಿಯ ಮೇಲೆ ಜೋಳದ ರೊಟ್ಟಿ, ಲ್ಯಾಟಿನ್ನಿನ ಮೇಲೆ ಮಿರ್ಚಿ ಬಜ್ಜಿಯ ಎಣ್ಣೆ. ಟೀ ಶರ್ಟುಗಳನ್ನು ಮಕ್ಕಳು ಸಂತೋಷವಾಗಿಯೇ ಹಾಕಿಕೊಂಡವು, ಅವಕ್ಕೆ ಸಿಂಹ ಇಷ್ಟ.

ಊಟಕ್ಕೆ ಮುಂಚೆ ಅತ್ತೆಯನ್ನು ಮಡಚುವ ಕುರ್ಚಿಯಲ್ಲಿ ಕೂರಿಸಿ ಸೇರನ್ನು ಅವರ ಕೈಯಲ್ಲಿಟ್ಟು ಬುಡ ಮೇಲೆ ಮಾಡಿದೆ. ಅವರು ಕನ್ನಡಕ ಏರಿಸಿಕೊಂಡು ನೋಡಿದರು. ಎಣಿಸಲಿಲ್ಲ. ಓರೆಯಾದ ಆ ಕೊನೆಯದರ ಮೇಲೆ ಬೆರಳಿಟ್ಟು, "ಅಪ್ಪ ನೋಡು ಹೆಂಗ ಹೊಡದಾನ" ಎಂದು ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. ನಾನು ಎಲ್ಲರಿಗೂ ಕೇಳುವಂತೆ ಎದ್ದು ನಿಂತು ಕತೆ ಹೇಳಿದೆ. ಈ ಹೆಸರಿನ ಕೆಲಸವನ್ನು ಕಟ್ಟಕಡೆಗೆ ಕಲಿತು ಮಾಡಿದವರು ಅಪ್ಪನೂ ಅಲ್ಲ, ಚಿಕ್ಕಪ್ಪನೂ ಅಲ್ಲ, ಇಗೋ ಇವರು ಎಂದೆ. ಅಷ್ಟು ಹೆಮ್ಮೆಯಿಂದ ನಾನು ಯಾವ ಸಭೆಯಲ್ಲೂ ಮಾತನಾಡಿಲ್ಲ. ಮಕ್ಕಳು ಚಪ್ಪಾಳೆ ತಟ್ಟಿದವು, ಒಬ್ಬ ಹುಡುಗಿ "ಶಿ ವಾಸ್ ಥರ್ಟೀನ್?" ಎಂದು ಎರಡು ಸಲ ಕೇಳಿದಳು.

ಚಪ್ಪರದ ಕಂಬಕ್ಕೆ ಚಾರ್ಟು ಅಂಟಿಸಿತ್ತು. ತಮ್ಮ ಮಾರ್ಕರಿನ ಮುಚ್ಚಳ ತೆಗೆದು, ಎಲ್ಲರೆದುರಿಗೆ ನಾಲ್ಕು ಎಂಬುದನ್ನು ಹೊಡೆದು ಐದು ಎಂದು ಬರೆದ. "ಅತ್ತಿ, ನಿಮ್ಮ ಹೆಸರ ಇಲ್ಲೇ ಬರೀಲ್ರಿ? ಅಜ್ಜನ ಕೆಳಗ, ದೊಡ್ಡಪ್ಪನಕಿಂತ ಮೊದಲ?"

ಅತ್ತೆ ಕುರ್ಚಿಯಿಂದ ಎದ್ದು ಹತ್ತಿರ ಹೋದರು. ಚಾರ್ಟಿಗೆ ಮುಖ ಹಿಡಿದು ಮೇಲಿಂದ ಕೆಳಕ್ಕೆ ಓದಿದರು.

"ಅಪ್ಪನ ಬಾಜೂಕ ಯಾರದಾರ?"

"ಅಜ್ಜನ ಬಾಜೂಕ? ಯಾರೂ ಇಲ್ರಿ."

"ನಮ್ಮವ್ವ?"

ತಮ್ಮ ಚಾರ್ಟಿನ ಕಡೆ ತಿರುಗಿದ.

"ಅಡ್ಡಹೆಸರ ಇದ್ದವರನ್ನ ಬರೀತೇನಿ ಅಂದ್ಯಲ್ಲ? ಹದಿನಾಕನೇ ವರ್ಷಕ್ಕ ಈ ಹೆಸರ ಹೊತ್ಕೊಂಡ ಬ್ಯಾರೆ ಊರಿಂದ ಬಂದಾಕಿ. ಸಾಯೂ ಮಟಾ ಇದ ಹೆಸರಿನ್ಯಾಗ ಇದ್ಲು. ಅಪ್ಪನ ಕೈ ಮುರದಾಗ ನನಗ ಅಳಿಯೂದ ಯಾರ ಕಲಿಸಿದ್ರು ಅಂತ ತಿಳದೀರಿ? ಆಗಿನ್ನೂ ಅಪ್ಪ ಹಾಸಿಗಿ ಬಿಟ್ಟ ಎದ್ದಿರಲಿಲ್ಲ. ನಮ್ಮವ್ವ ಹಿತ್ತಲದಾಗ ಜ್ವಾಳ ಸುರವಿ, ಮೂರ ದಿನ ನನ್ನ ಕೈ ಹಿಡದ ಸವರಿಸಿದ್ಲು. ಅಪ್ಪನಕಿಂತ ಛಲೋ ಅಳಿತಿದ್ಲು ಆಕಿ. ಸಂತಿಗೆ ಹೋಗೂ ಹಂಗಿರಲಿಲ್ಲ, ಅದಕ್ಕ ಆಕಿ ಚುಕ್ಕಿ ಬೀಳಲಿಲ್ಲ. ಮೊದಲ ಆಕಿ ಹೆಸರ ಬರಿ. ಆಮ್ಯಾಲೆ ನಂದು."

ತಮ್ಮ ಮಾರ್ಕರ್ ಹಿಡಿದ ಕೈಯನ್ನು ಅಜ್ಜನ ಹೆಸರಿನ ಪಕ್ಕಕ್ಕೆ ಒಯ್ದ. ಒಯ್ದು ಅಲ್ಲೇ ನಿಲ್ಲಿಸಿದ. ತಿರುಗಿ ನನ್ನ ಮುಖ ನೋಡಿದ.

ನಾನು ಹುಟ್ಟುವ ಮುಂಚೆಯೇ ಅಜ್ಜಿ ಹೋಗಿದ್ದರು. ಅಪ್ಪ ಯಾವಾಗಲೂ ನಮ್ಮವ್ವ ಎನ್ನುತ್ತಿದ್ದರು. ಚಿಕ್ಕಪ್ಪನೂ ನಮ್ಮವ್ವ ಎನ್ನುತ್ತಿದ್ದರು. ನಾನು ಐವತ್ತೆರಡು ವರ್ಷ ಈ ಅಡ್ಡಹೆಸರನ್ನು ಹೊತ್ತು ಮೆರೆದವಳು, ಅದಕ್ಕಾಗಿ ಗೆಳತಿಯರ ಮೇಲೆ ಹರಿಹಾಯ್ದವಳು, ತಮ್ಮನ ತಪ್ಪನ್ನು ಗಡಿ ದಾಟುವವರೆಗೂ ಬಯ್ದವಳು. ನಲವತ್ತು ಮಂದಿಯಲ್ಲಿ ನನ್ನಷ್ಟು ಹೆಮ್ಮೆ ಯಾರಿಗೂ ಇರಲಿಲ್ಲ. ನನಗೆ ಅಜ್ಜಿಯ ಹೆಸರು ಗೊತ್ತಿರಲಿಲ್ಲ. ಒಂದು ದಿನವೂ ಕೇಳಿರಲಿಲ್ಲ.

"ಯಾರಿಗೂ ಗೊತ್ತಿಲ್ಲೇನ?" ಎಂದರು ಅತ್ತೆ. ಸಿಟ್ಟಿರಲಿಲ್ಲ ಆ ದನಿಯಲ್ಲಿ.

ಅತ್ತೆ ಹೇಳಿದರು. ತಮ್ಮನಿಗೆ ಸರಿಯಾಗಿ ಕೇಳಿಸಲಿಲ್ಲ. ನಾನು ಅವನ ಕೈಯಿಂದ ಮಾರ್ಕರ್ ತೆಗೆದುಕೊಂಡು ಚಾರ್ಟಿನ ಮುಂದೆ ನಿಂತೆ, ಅತ್ತೆ ನನ್ನ ಭುಜದ ಮೇಲೆ ಕೈಯಿಟ್ಟು ತಮ್ಮವ್ವನ ಹೆಸರನ್ನು ಇನ್ನೊಮ್ಮೆ ನಿಧಾನವಾಗಿ ಹೇಳಿದರು.